ಲ್ಯಾಪ್‌ಟಾಪ್ ಸ್ಕ್ರೀನ್ ಡಿಮ್ ಆಗಿದ್ಯಾ, ಪಟಪಟ ಅಂತಿದ್ಯಾ? ಮಲೆನಾಡಿನ ಮನೆಗಳಿಂದ ಪದೇ ಪದೇ ಬರೋ ಪ್ರಶ್ನೆಗಳು

ಸ್ಕ್ರೀನ್ ಒಂದ್ಸಲ ಮಿಣುಕಿದ ತಕ್ಷಣ ಡಿಸ್‌ಪ್ಲೇನೇ ಹೋಯ್ತು ಅಂದ್ಕೊಂಡು ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಶಿವಮೊಗ್ಗ ಬಸ್ ಹತ್ಬೇಡಿ. ಹೊಸನಗರ, ತೀರ್ಥಹಳ್ಳಿ, ಸಾಗರದ ಒಳಗಿನ ಊರುಗಳಿಂದ ಪೇಟೆಗೆ ಹೋಗಿ ಬರೋದು ಅಂದ್ರೆ ಇಡೀ ದಿನದ ಕೆಲಸ, ಅಷ್ಟು ಕಷ್ಟಪಟ್ಟು ಹೋದ್ಮೇಲೆ ಅಂಗಡಿಯಲ್ಲಿ ಆನ್ ಮಾಡಿದ್ರೆ ಎಂತ ತೊಂದ್ರೆನೂ ಕಾಣಲ್ಲ, ವಾಪಸ್ ಮನೆಗೆ ಬಂದ್ಮೇಲೆ ಮತ್ತೆ ಶುರು. ತೊಂದ್ರೆ ಇರೋದು ಸೆಟ್ಟಿಂಗಲ್ಲೋ, ಮನೆ ಕರೆಂಟಲ್ಲೋ, ಒಳಗಿನ ಕೇಬಲ್ಲಲ್ಲೋ ಅಥವಾ ನಿಜವಾಗ್ಲೂ ಪ್ಯಾನಲ್ಲಲ್ಲೋ (ಚಿತ್ರ ಕಾಣೋ ಸ್ಕ್ರೀನಿನ ಹಲಗೆ) ಅಂತ ಒಂದು ಸ್ಕ್ರೂನೂ ಬಿಚ್ಚದೆ ಮನೆಯಲ್ಲೇ ಕುತ್ಕೊಂಡು ಕಂಡುಹಿಡಿಬಹುದು. ಅದನ್ನ ಮೊದ್ಲು ಮಾಡಿ, ದುಡ್ಡು ಖರ್ಚು ಮಾಡೋದು ಆಮೇಲೆ.

ಎಲ್ಲಕ್ಕಿಂತ ಮೊದಲು ಎಂತ ನೋಡ್ಬೇಕು?

ಬಯೋಸ್ ಸ್ಕ್ರೀನ್ ನೋಡಿ, ಅಂದ್ರೆ ವಿಂಡೋಸ್ ಬರೋಕೆ ಮೊದ್ಲೇ ತೆರೆಯೋ ಲ್ಯಾಪ್‌ಟಾಪಿನದ್ದೇ ಸೆಟ್ಟಿಂಗ್ ಪುಟ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಒತ್ತಿದ ಕೂಡ್ಲೆ ಎಫ್2 ಕೀನ ಟಕಟಕ ಅಂತ ಒತ್ತಾ ಇರಿ. ಡೆಲ್, ಏಸರ್, ಆಸುಸ್‌ಗಳಲ್ಲಿ ಸಾಮಾನ್ಯವಾಗಿ ಎಫ್2, ಎಚ್‌ಪಿಯಲ್ಲಿ ಎಫ್10, ಲೆನೊವೊದಲ್ಲಿ ಎಫ್1 ಅಥವಾ ಎಫ್2. ಒಳಗೆ ಏನೂ ಬದಲಾಯಿಸ್ಬೇಡಿ, ಸುಮ್ನೆ ಹತ್ತು ನಿಮಿಷ ಹಾಗೇ ಬಿಟ್ಟು ನೋಡ್ತಾ ಇರಿ. ಇಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರಲ್ಲ, ಸ್ಕ್ರೀನ್ ನಡೆಸೋ ಅದರ ಸಾಫ್ಟ್‌ವೇರ್, ಅಂದ್ರೆ ಡ್ರೈವರ್ರೂ ಇರಲ್ಲ. ಹಾಗಾಗಿ ಬಯೋಸಲ್ಲೂ ಮಿಣುಕ್ತಿದ್ರೆ ಅದು ಕೇಬಲ್, ಪ್ಯಾನಲ್ ಅಥವಾ ಬೋರ್ಡಿನ ಸಮಸ್ಯೆ, ಡ್ರೈವರ್ ಹಾಕಿ ತೆಗೆದು ಮಾಡೋದ್ರಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ. ಇಲ್ಲಿ ಗಟ್ಟಿಯಾಗಿ ನಿಂತು, ವಿಂಡೋಸ್ ಬಂದ್ಮೇಲೆ ಮಾತ್ರ ಪಟಪಟ ಅಂದ್ರೆ ಸಾಫ್ಟ್‌ವೇರ್ ಅನ್ನೋ ಸಾಧ್ಯತೆನೇ ಜಾಸ್ತಿ, ಮನೆಯಲ್ಲೇ ಸರಿ ಆಗಬಹುದು.

ಮಿಣುಕಲ್ಲ, ಬರೀ ಡಿಮ್ ಆಗಿದೆ. ಬ್ರೈಟ್‌ನೆಸ್ ಫುಲ್ ಇಟ್ರೂ ಅಷ್ಟೇ.

ಹೆಚ್ಚಿನಂಶ ಇದು ಸೆಟ್ಟಿಂಗೇ. ಚಾರ್ಜರ್ ಹಾಕಿ ನೋಡಿ, ಹಾಕಿದ ತಕ್ಷಣ ಬೆಳಕು ಜಾಸ್ತಿ ಆದ್ರೆ ಬ್ಯಾಟರಿ ಸೇವರ್ ಕೆಲಸ ಅದು, ಬ್ಯಾಟರಿ ಕಡಿಮೆ ಆದಾಗ ತಾನಾಗೇ ಆನ್ ಆಗಿ ಬೆಳಕು ಇಳಿಸುತ್ತೆ. ವಿಂಡೋಸ್ 11 ಆದ್ರೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಅಂತ ಹೋಗಿ ಬ್ರೈಟ್‌ನೆಸ್ ಪಕ್ಕದ ಬಾಣ ಒತ್ತಿ. ಅಲ್ಲಿ ಕೋಣೆಯ ಬೆಳಕು ನೋಡಿ ಬದಲಾಯಿಸೋದು ಒಂದು, ಸ್ಕ್ರೀನಲ್ಲಿ ಎಂತ ಕಾಣ್ತಿದೆ ಅಂತ ನೋಡಿ ಬದಲಾಯಿಸೋದು ಇನ್ನೊಂದು, ಹೀಗೆ ಎರಡು ಆಯ್ಕೆ ಇರಬಹುದು. ಎರಡನ್ನೂ ಆಫ್ ಮಾಡಿ. ಎರಡನೇದು ಆನ್ ಇದ್ರೆ ಬಿಳಿ ಪುಟದಿಂದ ಕಪ್ಪು ವಿಡಿಯೋಗೆ ಹೋದಾಗೆಲ್ಲ ಬೆಳಕು ಮೆಲ್ಲಗೆ ಏರುತ್ತೆ ಇಳಿಯುತ್ತೆ, ತುಂಬಾ ಜನ ಇದನ್ನೇ ಸ್ಕ್ರೀನ್ ಹಾಳಾಗ್ತಿದೆ ಅಂದ್ಕೋತಾರೆ.

ಇದರ ಮೇಲೆ ಗ್ರಾಫಿಕ್ಸ್ ಕಂಪನಿಯವರದ್ದು ಬೇರೆ ಒಂದು ಇರುತ್ತೆ. ಇಂಟೆಲ್ ಇದ್ರೆ ಅದರ ಗ್ರಾಫಿಕ್ಸ್ ಆ್ಯಪಲ್ಲಿ ಪವರ್ ಅನ್ನೋ ಕಡೆ ಡಿಸ್‌ಪ್ಲೇ ಪವರ್ ಸೇವಿಂಗ್, ಎಎಂಡಿ ಇದ್ರೆ ವೇರಿ-ಬ್ರೈಟ್. ಎರಡೂ ಬ್ಯಾಟರಿ ಉಳಿಸೋಕೆ ಬೆಳಕು ಇಳಿಸುತ್ವೆ, ಆಫ್ ಮಾಡಿದ್ರೆ ಬ್ಯಾಟರಿ ಸ್ವಲ್ಪ ಬೇಗ ಇಳಿಬಹುದು ಅಷ್ಟೇ. ವಿಂಡೋಸ್ ಸೆಟ್ಟಿಂಗಲ್ಲಿ ಹುಡುಕಿ ಸಿಗ್ಲಿಲ್ಲ ಅಂದ್ರೆ ಇಲ್ಲಿ ನೋಡೋಕೆ ಮರಿಬೇಡಿ.

ನಮ್ಮನೇಲಿ ವೋಲ್ಟೇಜ್ ಕಡಿಮೆ, ಬಲ್ಬೇ ಮಂಕಾಗಿ ಉರಿಯುತ್ತೆ. ಅದಕ್ಕೇ ಸ್ಕ್ರೀನೂ ಡಿಮ್ ಆಗ್ತಿದ್ಯಾ?

ನೇರವಾಗಿ ಅಲ್ಲ. ಚಾರ್ಜರ್ ಡಬ್ಬಿ ತಿರುಗಿಸಿ ಅದರ ಮೇಲಿನ ಸಣ್ಣಕ್ಷರ ಓದಿ, ಇನ್‌ಪುಟ್ 100-240 ವೋಲ್ಟ್, 50-60 ಹರ್ಟ್ಸ್ ಅಂತ ಇರುತ್ತೆ. ನಮ್ಮ ಲೈನಲ್ಲಿ ಬರಬೇಕಾದ್ದು 230, ಅದು 160ಕ್ಕೆ ಇಳಿದ್ರೂ ಒಳ್ಳೆ ಚಾರ್ಜರ್ ಲ್ಯಾಪ್‌ಟಾಪಿಗೆ ಕೊಡೋ 19 ಅಥವಾ 20 ವೋಲ್ಟ್ ಕೊಟ್ಟೇ ಕೊಡುತ್ತೆ. ಬಲ್ಬ್ ಮಂಕಾದ ಹಾಗೆ ಸ್ಕ್ರೀನ್ ಮಂಕಾಗಲ್ಲ.

ಆದ್ರೆ ಸುತ್ತಿ ಬಳಸಿ ಒಂದು ಸಂಬಂಧ ಇದೆ, ಮಲೆನಾಡಲ್ಲಿ ಇದು ಬಹಳ ಕಾಣೋದು. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ಗಾಳಿಗೆ ಮರದ ಕೊಂಬೆ ಲೈನಿಗೆ ತಾಗಿ ತಾಗಿ ಕರೆಂಟು ಕ್ಷಣಕ್ಕೊಂದ್ಸಲ ಹೋಗಿ ಬರ್ತಿರುತ್ತೆ. ಪ್ರತಿ ಸಲ ಹೋದಾಗ ಲ್ಯಾಪ್‌ಟಾಪು ಬ್ಯಾಟರಿಗೆ ಜಿಗಿಯುತ್ತೆ, ಬಂದಾಗ ಚಾರ್ಜರಿಗೆ ವಾಪಸ್. ಬ್ಯಾಟರಿಯಲ್ಲಿದ್ದಾಗ ಎಷ್ಟು ಬೆಳಕು, ಚಾರ್ಜರಲ್ಲಿದ್ದಾಗ ಎಷ್ಟು ಬೆಳಕು ಅಂತ ಬೇರೆ ಬೇರೆ ಇಟ್ಕೊಂಡಿರೋದ್ರಿಂದ ಸ್ಕ್ರೀನ್ ಮೇಲೆ ಕೆಳಗೆ ಆಗುತ್ತೆ, ನೋಡೋರಿಗೆ ಥೇಟ್ ಫ್ಲಿಕರ್ ತರಾನೇ. ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳು ಬ್ಯಾಟರಿಗೆ ಬಂದ ತಕ್ಷಣ ಸ್ಕ್ರೀನಲ್ಲಿ ಚಿತ್ರ ಬದಲಾಗೋ ವೇಗನ 144 ಹರ್ಟ್ಸಿಂದ (ಸೆಕೆಂಡಿಗೆ 144 ಸಲ) 60ಕ್ಕೆ ಇಳಿಸ್ತಾವೆ, ಆವಾಗ ಒಂದು ಕ್ಷಣ ಸ್ಕ್ರೀನ್ ಪೂರ್ತಿ ಕಪ್ಪಾಗೋದೂ ಇದೆ.

ಪರೀಕ್ಷೆ ಸುಲಭ: ಚಾರ್ಜರ್ ತೆಗ್ದಿಟ್ಟು ಅರ್ಧ ಗಂಟೆ ಬರೀ ಬ್ಯಾಟರಿಯಲ್ಲಿ ಓಡಿಸಿ. ಮಿಣುಕೋದು ನಿಂತ್ರೆ ಸ್ಕ್ರೀನ್ ಬಿಟ್ಟು ಕರೆಂಟು, ಪ್ಲಗ್ಗು, ಚಾರ್ಜರ್ ಪಿನ್ನು ನೋಡಿ. ಪಿನ್ ಹತ್ರ ವೈರ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಚಾರ್ಜಿಂಗ್ ಲೈಟು ಹೋಗಿ ಬಂದ್ರೆ ಚಾರ್ಜರ್ ವೈರ್ ಒಳಗೆ ಕಟ್ಟಾಗಿದೆ ಅಥವಾ ಲ್ಯಾಪ್‌ಟಾಪಿನ ಚಾರ್ಜಿಂಗ್ ಜಾಕ್ ಸಡ್ಲ ಆಗಿದೆ. ಅದೇ ಅಳತೆಯ ಬೇರೆ ಚಾರ್ಜರ್ ಯಾರತ್ರಾದ್ರೂ ಇದ್ರೆ ಹಾಕಿ ನೋಡಿದ್ರೆ ಎರಡ್ರಲ್ಲಿ ಯಾವುದು ಅಂತ ಗೊತ್ತಾಗುತ್ತೆ.

ಕರೆಂಟಲ್ಲಿ ಸರಿ ಇರುತ್ತೆ, ಯುಪಿಎಸ್‌ಗೆ ಬಂದಾಗ ಮಾತ್ರ ತೊಂದ್ರೆ.

ಮನೆಗೆ ಹಾಕಿರೋ ಯುಪಿಎಸ್ ಕೊಡೋ ಕರೆಂಟಿನ ಅಲೆ ಸ್ಕ್ವೇರ್ ವೇವಾ (ಚೌಕದ್ದು), ಸೈನ್ ವೇವಾ (ಲೈನಲ್ಲಿ ಬರೋ ತರ ನಯವಾದದ್ದು) ನೋಡಿ, ಡಬ್ಬಿ ಮೇಲೇ ಬರೆದಿರುತ್ತೆ. ಕಡಿಮೆ ಬೆಲೆಯ ಸ್ಕ್ವೇರ್ ವೇವ್‌ಗೆ ಕೆಲವು ಚಾರ್ಜರ್ ಹೊಂದ್ಕೊಳ್ಳಲ್ಲ, ಗುಂಯ್ ಅನ್ನುತ್ತೆ, ಜಾಸ್ತಿ ಬಿಸಿ ಆಗುತ್ತೆ, ಟಚ್‌ಪ್ಯಾಡ್ ಹುಚ್ಚುಚ್ಚಾಗಿ ಓಡುತ್ತೆ. ಆ ಹೊತ್ತಲ್ಲಿ ಬ್ಯಾಟರಿ ಮೇಲೆ ಕೆಲಸ ಮಾಡಿ, ಸುಮ್ನೆ ಅದಕ್ಕೆ ಚಾರ್ಜ್ ಹಾಕಿ ಕಷ್ಟ ಕೊಡ್ಬೇಡಿ. ಲ್ಯಾಪ್‌ಟಾಪಿನ ಕಬ್ಬಿಣದ ಭಾಗ ಮುಟ್ಟಿದ್ರೆ ಜುಂ ಅನ್ನುತ್ತಾ? ಹಾಗಾದ್ರೆ ಮನೆ ಅರ್ಥಿಂಗ್ ಒಮ್ಮೆ ಎಲೆಕ್ಟ್ರಿಷಿಯನ್ ಹತ್ರ ಚೆಕ್ ಮಾಡ್ಸಿ. ಮೂರು ಪಿನ್ ಚಾರ್ಜರಿನ ದಪ್ಪ ಪಿನ್ ಕಿತ್ತು ಎರಡು ಪಿನ್ ಸಾಕೆಟ್‌ಗೆ ತುರುಕೋ ಅಭ್ಯಾಸ ದಯವಿಟ್ಟು ಬಿಡಿ.

ಬಯೋಸಲ್ಲಿ ಸರಿ ಇತ್ತು, ವಿಂಡೋಸಲ್ಲಿ ಮಾತ್ರ ಮಿಣುಕುತ್ತೆ. ಮುಂದೆ?

ಮಿಣುಕ್ತಾ ಇರುವಾಗ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ. ಹಿಂದಿನದೆಲ್ಲ ಮಿಣುಕ್ತಾ ಟಾಸ್ಕ್ ಮ್ಯಾನೇಜರ್ ಕಿಟಕಿ ಮಾತ್ರ ಅಲುಗಾಡದೆ ನಿಂತ್ರೆ ಯಾವುದೋ ಒಂದು ಆ್ಯಪ್ ಹೊಂದಾಣಿಕೆ ಆಗ್ತಿಲ್ಲ ಅಂತ. ಟಾಸ್ಕ್ ಮ್ಯಾನೇಜರ್ರೂ ಜೊತೆಗೆ ಮಿಣುಕಿದ್ರೆ ಡಿಸ್‌ಪ್ಲೇ ಡ್ರೈವರ್. ಮೈಕ್ರೋಸಾಫ್ಟ್‌ನವರೇ ಹೇಳಿಕೊಡೋ ಪರೀಕ್ಷೆ ಇದು, ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತೆ.

ಆ್ಯಪ್ ಆದ್ರೆ ಇತ್ತೀಚೆಗೆ ಹಾಕಿದ್ದು ಯಾವುದು ಅಂತ ನೆನಪು ಮಾಡ್ಕೊಂಡು ಅಪ್ಡೇಟ್ ಮಾಡಿ, ಆಗ್ಲಿಲ್ಲ ಅಂದ್ರೆ ತೆಗೆದುಹಾಕಿ. ಬ್ರೌಸರಲ್ಲಿ ಮಾತ್ರ ಆಗ್ತಿದ್ರೆ ಅದರ ಸೆಟ್ಟಿಂಗಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಷನ್ ಅಂತ ಇರುತ್ತೆ, ಆಫ್ ಮಾಡಿ ಬ್ರೌಸರ್ ಮುಚ್ಚಿ ತೆಗೀರಿ.

ಡ್ರೈವರ್ ಆದ್ರೆ ಮೊದ್ಲು ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿ, ಸ್ಕ್ರೀನ್ ಒಂದ್ಸಲ ಕಪ್ಪಾಗಿ ಬೀಪ್ ಅಂದು ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತೆ, ತೆಗೆದಿಟ್ಟ ಫೈಲ್ ಎಲ್ಲ ಹಾಗೇ ಇರುತ್ತೆ. ಅದಕ್ಕೂ ಬಗ್ಗದಿದ್ರೆ ಡಿವೈಸ್ ಮ್ಯಾನೇಜರಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ಮೇಲೆ ಹೋಗಿ, ಪ್ರಾಪರ್ಟೀಸಲ್ಲಿ ಡ್ರೈವರ್ ಅನ್ನೋ ಪಟ್ಟಿ ತೆಗೀರಿ. ವಿಂಡೋಸ್ ಅಪ್ಡೇಟ್ ಆದ ಮಾರನೇ ದಿನದಿಂದ ಶುರುವಾಗಿದ್ರೆ ರೋಲ್ ಬ್ಯಾಕ್ ಮಾಡಿ ಹಳೇ ಡ್ರೈವರಿಗೆ ವಾಪಸ್ ಹೋಗೋದು, ಇಲ್ಲಾಂದ್ರೆ ಲ್ಯಾಪ್‌ಟಾಪ್ ಕಂಪನಿಯ ಸೈಟಿಂದ ನಿಮ್ಮ ಮಾಡೆಲ್ಲಿನ ಡ್ರೈವರನ್ನೇ ಇಳಿಸಿ ಹಾಕೋದು. ಸಿಕ್ಕ ಸಿಕ್ಕ ಡ್ರೈವರ್ ಅಪ್ಡೇಟರ್ ಆ್ಯಪ್ ಹಾಕ್ಬೇಡಿ, ಸ್ಕ್ರೀನ್ ಸರಿ ಆಗೋದಿರ್ಲಿ, ಜಾಹೀರಾತು ತುಂಬ್ಕೊಂಡು ಇರೋ ಮಷೀನೂ ನಿಧಾನ ಆಗುತ್ತೆ.

ಸ್ಕ್ರೀನ್ ಓದೋಕೂ ಆಗದಷ್ಟು ಕುಣಿತಿದ್ರೆ ಶಿಫ್ಟ್ ಹಿಡ್ಕೊಂಡು ರಿಸ್ಟಾರ್ಟ್ ಕೊಟ್ಟು ಸೇಫ್ ಮೋಡಿಗೆ ಹೋಗಿ. ಅಲ್ಲಿ ಮೈಕ್ರೋಸಾಫ್ಟಿನ ಸಾದಾ ಡ್ರೈವರ್ ಮಾತ್ರ ಓಡೋದ್ರಿಂದ ಕೆಲಸ ಮಾಡೋಕಾಗುತ್ತೆ.

ಮುಚ್ಚಳ ಒಂದು ಕಡೆಗೆ ವಾಲಿಸಿದ್ರೆ ಸರಿ ಇರುತ್ತೆ, ಸ್ವಲ್ಪ ಹಿಂದೆ ತಳ್ಳಿದ್ರೆ ಮಿಣುಕುತ್ತೆ.

ಕೇಬಲ್. ತೊಂಬತ್ತು ಭಾಗ ಇದೇ ಅಂತ ಧೈರ್ಯವಾಗಿ ಹೇಳ್ತೀನಿ. ಮದರ್‌ಬೋರ್ಡಿಂದ ಸ್ಕ್ರೀನಿಗೆ ಹೋಗೋ ತೆಳ್ಳಗಿನ ಡಿಸ್‌ಪ್ಲೇ ಕೇಬಲ್ ಒಂದು ಕಡೆ ಹಿಂಜ್ (ಮುಚ್ಚಳ ತಿರುಗೋ ಕೀಲು) ಪಕ್ಕದಲ್ಲೇ ಹಾದು ಹೋಗುತ್ತೆ. ಮುಚ್ಚಳ ತೆಗೆದು ಹಾಕಿದಾಗೆಲ್ಲ ಅದು ಅಲ್ಲೇ ಮಡಚ್ಕೊಳ್ಳುತ್ತೆ, ಅದರಲ್ಲೂ ಮುಚ್ಚಳದ ಒಂದು ಮೂಲೆ ಹಿಡಿದು ಎತ್ತೋ ಅಭ್ಯಾಸ ಇದ್ರೆ ಹಿಂಜ್ ಬಿಗಿಯಾಗಿ, ಬೇಗ ಸವೆಯುತ್ತೆ.

ಹೀಗೆ ಮಾಡಿ: ಮೇಜಿನ ಮೇಲಿಟ್ಟು ಬಿಳಿ ಪುಟ ಒಂದು ತೆಗ್ದಿಡಿ, ಎರಡೂ ಕೈಯಲ್ಲಿ ಮುಚ್ಚಳ ಹಿಡಿದು ತುಂಬಾ ನಿಧಾನಕ್ಕೆ ಮುಂದೆ ತಂದು ಮತ್ತೆ ಪೂರ್ತಿ ಹಿಂದಕ್ಕೆ ಹೋಗಿ. ಪ್ರತಿ ಸಲ ಅದೇ ಕೋನಕ್ಕೆ ಬಂದಾಗ ಮಿಣುಕಿದ್ರೆ ಇನ್ನು ಅನುಮಾನ ಬೇಡ. ತೀರ್ಥಹಳ್ಳಿ ಹತ್ರದ ಒಂದು ಮನೆಯಲ್ಲಿ ಡಿಗ್ರಿ ಓದೋ ಹುಡುಗಿಯ ಲ್ಯಾಪ್‌ಟಾಪ್ ಹೀಗೇ ಆಗಿತ್ತು, ಅಂಗಡಿಯಲ್ಲಿ ಪ್ಯಾನಲ್ಲೇ ಬದಲಾಯಿಸ್ಬೇಕು ಅಂದಿದ್ರಂತೆ, ಅವರಪ್ಪ ಅಡಿಕೆ ದುಡ್ಡು ಬರ್ಲಿ ಆಮೇಲೆ ನೋಡೋಣ ಅಂತ ಸುಮ್ನಿದ್ರು. ಸ್ಕ್ರೀನ್ ಸುತ್ತಲಿನ ಪಟ್ಟಿ ಬಿಚ್ಚಿ ನೋಡಿದ್ರೆ ಎಡಗಡೆ ಹಿಂಜ್ ಹತ್ರ ಕೇಬಲ್ಲಿನ ಕಪ್ಪು ಟೇಪ್ ಸವೆದು ಹೋಗಿ ಕೂದಲಿನಷ್ಟು ಸಣ್ಣ ತಾಮ್ರದ ಎಳೆ ಎರಡು ಮೂರು ಹೊರಗೆ ಹೊಳಿತಾ ಇತ್ತು, ಮುಚ್ಚಳ ಹಿಂದೆ ಹೋದಾಗ ಹಿಂಜಿನ ಕಬ್ಬಿಣಕ್ಕೆ ತಾಗ್ತಿತ್ತು. ಅದೇ ಮಾಡೆಲ್ಲಿನ ಕೇಬಲ್ ತರಿಸಿ ಹಾಕಿದ್ಮೇಲೆ ಹಳೇ ಪ್ಯಾನಲ್ಲೇ ಚೆನ್ನಾಗಿ ಓಡ್ತಿದೆ. ಕೇಬಲ್ ನೂರುಗಳ ಲೆಕ್ಕ, ಪ್ಯಾನಲ್ ಸಾವಿರಗಳ ಲೆಕ್ಕ, ಅದಕ್ಕೇ ನಾನು ಈ ಒಂದು ವಿಷಯ ಇಷ್ಟು ಒತ್ತಿ ಹೇಳೋದು.

ಕೇಬಲ್ ನಾನೇ ತೆಗೆದು ಹಾಕಬಹುದಾ?

ಮೊಬೈಲ್, ಲ್ಯಾಪ್‌ಟಾಪ್ ಬಿಚ್ಚಿ ಅಭ್ಯಾಸ ಇದ್ರೆ ಮಾತ್ರ. ಒಂದು ಕಟ್ಟುನಿಟ್ಟಿನ ಮಾತು: ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ರೂ ಕಿತ್ತ ಮೇಲೇ ಡಿಸ್‌ಪ್ಲೇ ಕೇಬಲ್ ಮುಟ್ಬೇಕು. ಆ 30 ಪಿನ್ ಅಥವಾ 40 ಪಿನ್ ಕನೆಕ್ಟರಲ್ಲಿ ಚಿತ್ರ ಸಾಗಿಸೋ ಪಿನ್ನೂ ಇರುತ್ತೆ, ಸ್ಕ್ರೀನ್ ಹಿಂದಿನ ಲೈಟಿಗೆ (ಬ್ಯಾಕ್‌ಲೈಟ್) ಹೋಗೋ ಜಾಸ್ತಿ ವೋಲ್ಟೇಜಿನ ಪಿನ್ನೂ ಇರುತ್ತೆ. ಬ್ಯಾಟರಿ ಇರುವಾಗ ಓರೆಯಾಗಿ ತುರುಕಿದ್ರೆ ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಹಾರಿಹೋಗುತ್ತೆ, ಆವಾಗ ಹೊಸ ಕೇಬಲ್, ಹೊಸ ಪ್ಯಾನಲ್ ಹಾಕಿದ್ರೂ ಕತ್ತಲೆನೇ.

ಸ್ಕ್ರೀನ್ ಪೂರ್ತಿ ಕಪ್ಪು, ಆದ್ರೆ ವಿಂಡೋಸ್ ಶುರುವಾದ ಶಬ್ದ ಬರುತ್ತೆ.

ಕತ್ತಲೆ ಕೋಣೆಗೆ ತಗೊಂಡು ಹೋಗಿ ಮೊಬೈಲ್ ಟಾರ್ಚನ್ನ ಸ್ಕ್ರೀನಿಗೆ ಹತ್ತಿರ, ಓರೆಯಾಗಿ ಹಿಡೀರಿ. ಐಕಾನುಗಳು ಮಸುಕು ಮಸುಕಾಗಿ ಕಂಡ್ರೆ ಚಿತ್ರ ಬರ್ತಿದೆ, ಹಿಂದಿನ ಲೈಟು ಮಾತ್ರ ಉರಿತಿಲ್ಲ. ಈಗಿನ ಲ್ಯಾಪ್‌ಟಾಪಲ್ಲಿ ಅದು ಎಲ್‌ಇಡಿ ಪಟ್ಟಿ, ಅದಕ್ಕೆ ಪವರ್ ಕೊಡೋ ಫ್ಯೂಸು ಅಥವಾ ಸರ್ಕಿಟು, ಇಲ್ಲಾ ಮತ್ತೆ ಕೇಬಲ್ಲು. ಏನೂ ಕಾಣದಿದ್ರೆ ಎಚ್‌ಡಿಎಂಐ ಕೇಬಲ್ಲಲ್ಲಿ ಮನೆ ಟಿವಿಗೆ ಹಾಕಿ, ವಿಂಡೋಸ್ ಕೀ ಜೊತೆ ಪಿ ಒತ್ತಿ ನೋಡಿ. ಟಿವಿಯಲ್ಲಿ ಸರಿಯಾಗಿ ಬಂದ್ರೆ ತೊಂದ್ರೆ ಕೇಬಲ್ಲು, ಪ್ಯಾನಲ್ ಕಡೆ. ಟಿವಿಯಲ್ಲೂ ಮಿಣುಕಿದ್ರೆ, ಗೆರೆ ಗೆರೆ ಬಂದ್ರೆ, ಗ್ರಾಫಿಕ್ಸ್ ಚಿಪ್ ಅಥವಾ ಡ್ರೈವರ್. ರಿಪೇರಿ ಆಗೋ ತನಕ ಟಿವಿಗೇ ಹಾಕ್ಕೊಂಡು ಪರೀಕ್ಷೆ ಓದು, ಆಫೀಸ್ ಕೆಲಸ ಎಲ್ಲ ಮಾಡ್ಬಹುದು.

ಮಳೆಗಾಲದಲ್ಲಿ ಬೆಳಿಗ್ಗೆ ಆನ್ ಮಾಡಿದಾಗ ಮಿಣುಕುತ್ತೆ, ಅರ್ಧ ಗಂಟೆ ಆದ್ಮೇಲೆ ತಾನಾಗೇ ಸರಿ ಹೋಗುತ್ತೆ.

ಇದು ನಮ್ಮ ಕಡೆಯದ್ದೇ ಕಾಯಿಲೆ. ಆಗುಂಬೆ, ಹುಲಿಕಲ್ ಸುತ್ತಮುತ್ತ ಆರಿದ್ರ ಮಳೆ ಹಿಡಿದ್ಮೇಲೆ ಬಟ್ಟೆ ಒಣಗಲ್ಲ, ಚಪ್ಪಲಿ ಬೆಲ್ಟಿಗೆಲ್ಲ ಬೂಷ್ಟು ಬರುತ್ತೆ, ಅದೇ ಗಾಳಿ ಲ್ಯಾಪ್‌ಟಾಪ್ ಒಳಗೂ ಇರುತ್ತೆ. ಕನೆಕ್ಟರ್ ಪಿನ್ನಿಗೆ ತೇವ ಕೂತು ಹಸಿರು ಬಿಳಿ ಕಿಲುಬು ಕಟ್ಟುತ್ತೆ, ಸಂಪರ್ಕ ಸಡ್ಲ ಆಗುತ್ತೆ, ಮಷೀನ್ ಬಿಸಿಯಾಗಿ ತೇವ ಆರಿದ್ಮೇಲೆ ಸರಿ ಆದ ಹಾಗೆ ಕಾಣುತ್ತೆ. ಸರಿ ಆಯ್ತಲ್ಲ ಅಂತ ವರ್ಷಗಟ್ಟಲೆ ಬಿಟ್ರೆ ಪಿನ್ನೇ ತಿಂದುಹೋಗುತ್ತೆ. ಗೊತ್ತಿರೋರ ಹತ್ರ ಒಂದ್ಸಲ ಬಿಚ್ಚಿಸಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್ಷಲ್ಲಿ ಕನೆಕ್ಟರ್ ತೊಳೆಸಿ, ಎಷ್ಟೋ ಸಲ ಅಷ್ಟಕ್ಕೇ ಮುಗಿಯುತ್ತೆ.

ಬಳಸದೆ ಇಡೋದು ಇನ್ನೂ ಕೆಟ್ಟದ್ದು. ಮಳೆಗಾಲದಲ್ಲಿ ದಿನಾ ಸ್ವಲ್ಪ ಹೊತ್ತಾದ್ರೂ ಓಡಿಸಿ, ಅದರ ಬಿಸಿಯೇ ಅದನ್ನ ಒಣಗಿಸುತ್ತೆ. ಇಡುವಾಗ ಗೋಡೆಗೆ ತಾಗಿಸಿ ನೆಲದ ಮೇಲೆ ಇಡ್ಬೇಡಿ, ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ನಾಕೈದು ಹಾಕಿ ಇಡಿ, ಬಣ್ಣ ಬದಲಾಗೋ ಜಾತಿಯದ್ದಾದ್ರೆ ಬದಲಾದಾಗ ಹೊಸದು ಹಾಕಿ. ಬಸ್ಸಲ್ಲಿ ನೆಂದ ಬ್ಯಾಗಲ್ಲಿ ತಂದ್ರೆ ಬಂದ ತಕ್ಷಣ ಆನ್ ಮಾಡ್ಬೇಡಿ, ಹೊರಗೆ ತೆಗೆದು ಒಣ ಬಟ್ಟೆ ಮೇಲೆ ಇಟ್ಟು ಕೆಲವು ಗಂಟೆ ಬಿಡಿ.

ಒಣಗೋಕೆ ಬಚ್ಚಲೊಲೆ ಹತ್ರ ಇಡಬಹುದಾ? ಅಕ್ಕಿ ಡಬ್ಬಿಗೆ ಹಾಕಬಹುದಾ?

ಎರಡೂ ಬೇಡ ಮಾರಾಯ್ರೆ. ಹಂಡೆ ಒಲೆ ಹತ್ರ ಬಿಸಿ ಜೊತೆಗೆ ಹೊಗೆ, ಬೂದಿ, ನೀರಿನ ಹಬೆ ಮೂರೂ ಇರುತ್ತೆ. ಆ ಬಿಸಿಗೆ ಪ್ಯಾನಲ್ ಒಳಗಿನ ತೆಳ್ಳಗಿನ ಹಾಳೆಗಳು ಸುಕ್ಕಾಗಿ ಮೋಡದ ಹಾಗೆ ಕಲೆ ಬಿದ್ರೆ ಅದು ವಾಪಸ್ ಹೋಗಲ್ಲ, ಬ್ಯಾಟರಿಗೂ ಅಪಾಯ. ಅಕ್ಕಿಯಿಂದ ಒಳಗಿನ ತೇವ ಹೋಗಲ್ಲ, ಹಿಟ್ಟು ಮಾತ್ರ ಫ್ಯಾನ್ ತೂತಿಗೆ ಹೋಗುತ್ತೆ.

ಇರುವೆಯಿಂದ ಸ್ಕ್ರೀನ್ ಹಾಳಾಗುತ್ತಾ?

ಆಗುತ್ತೆ. ಹೊರಗೆ ಜಡಿಮಳೆ ಇದ್ದಾಗ ಅವಕ್ಕೆ ಬೆಚ್ಚಗಿನ ಜಾಗ ಬೇಕು, ಲ್ಯಾಪ್‌ಟಾಪ್ ಒಳಗೆ ಮೊಟ್ಟೆ ಸಮೇತ ಸಂಸಾರ ಹೂಡ್ತಾವೆ. ಕೀಬೋರ್ಡ್ ಸಂದಿಯಿಂದ ಒಂದೊಂದೇ ಹೊರಗೆ ಬರೋದು ಕಂಡ್ರೆ ಆಫ್ ಮಾಡಿ, ಒಳಗೆ ಔಷಧಿ ಸ್ಪ್ರೇ ಮಾತ್ರ ಹೊಡಿಬೇಡಿ, ಆ ದ್ರವನೇ ಬೋರ್ಡಿಗೆ ಹೊಡೆತ. ಬಿಚ್ಚಿ ಬ್ರಷ್ಷಲ್ಲಿ ಗುಡಿಸ್ಬೇಕು. ಲ್ಯಾಪ್‌ಟಾಪ್ ಪಕ್ಕ ತಿಂಡಿ ತಿನ್ನೋದು ಕಡಿಮೆ ಮಾಡಿ.

ಸಿಡಿಲು ಬಡಿದ ದಿನದಿಂದ ಹೀಗಾಗಿದೆ.

ಚಾರ್ಜರ್ ತೆಗೀರಿ, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಬಿಡಿ, ಆಮೇಲೆ ಬ್ಯಾಟರಿಯಲ್ಲಿ ಆನ್ ಮಾಡಿ. ಅದಕ್ಕೆ ಸರಿ ಹೋದ್ರೆ ಅದೃಷ್ಟ, ಇಲ್ಲಾಂದ್ರೆ ಮೊದ್ಲು ಬೇರೆ ಚಾರ್ಜರಲ್ಲಿ ಪರೀಕ್ಷೆ ಮಾಡಿ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಮೋಡ ಕಟ್ಟಿದ ಕೂಡ್ಲೆ ಚಾರ್ಜರ್ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಇಂಟರ್ನೆಟ್ಟಿನ ಲ್ಯಾನ್ ವೈರ್ ಹಾಕಿದ್ರೆ ಅದನ್ನೂ ತೆಗೀರಿ, ಆ ದಾರಿಯಲ್ಲೂ ಹೊಡೆತ ಬರುತ್ತೆ. ಸರ್ಜ್ ಪ್ರೊಟೆಕ್ಟರ್ ಇದೆಯಲ್ಲ ಅಂತ ಧೈರ್ಯ ಬೇಡ, ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಅದರಿಂದ ದೊಡ್ಡ ಉಪಯೋಗ ಇಲ್ಲ.

ಕೈ ಇಟ್ಟಾಗ ಮಾತ್ರ ಸ್ಕ್ರೀನ್ ಆಫ್ ಆಗುತ್ತೆ, ತೆಗೆದ್ರೆ ಬರುತ್ತೆ!

ಕೈಯಲ್ಲಿ ಅಯಸ್ಕಾಂತದ ಕೊಕ್ಕೆ ಇರೋ ವಾಚ್ ಬೆಲ್ಟ್ ಅಥವಾ ಬ್ರೇಸ್ಲೆಟ್ ಇದ್ಯಾ? ಮುಚ್ಚಳ ಮುಚ್ಚಿದೆ ಅಂತ ಗೊತ್ತಾಗೋಕೆ ಲ್ಯಾಪ್‌ಟಾಪಲ್ಲಿ ಅಯಸ್ಕಾಂತದ ಸೆನ್ಸರ್ ಇರುತ್ತೆ, ನಿಮ್ಮ ವಾಚನ್ನೇ ಮುಚ್ಚಳ ಅಂದ್ಕೊಳ್ಳುತ್ತೆ. ಮ್ಯಾಗ್ನೆಟ್ ಇರೋ ಫೋನ್ ಕವರೂ ಅಷ್ಟೇ.

ವಿಡಿಯೋ ಕಾಲಲ್ಲಿ ನನ್ನ ಮುಖ ಮಾತ್ರ ಪಟಪಟ ಅನ್ನುತ್ತೆ.

ಸ್ಕ್ರೀನ್ ಸರಿ ಇದೆ. ಕ್ಯಾಮೆರಾ ಸೆಟ್ಟಿಂಗಲ್ಲಿ ಫ್ಲಿಕರ್ ರಿಡಕ್ಷನ್ 60 ಹರ್ಟ್ಸ್ ಇದ್ರೆ 50 ಮಾಡಿ, ನಮ್ಮ ದೇಶದ ಕರೆಂಟ್ 50 ಹರ್ಟ್ಸ್.

ಬೆಳಕು ತುಂಬಾ ಕಡಿಮೆ ಇಟ್ಟಾಗ ಕಣ್ಣು ಉರಿಯುತ್ತೆ, ತಲೆನೋವು.

ಕೆಲವು ಪ್ಯಾನಲ್ಲುಗಳು ಬೆಳಕು ಇಳಿಸೋಕೆ ಹಿಂದಿನ ಲೈಟನ್ನ ಬಹಳ ವೇಗವಾಗಿ ಆನ್ ಆಫ್ ಮಾಡ್ತಾವೆ, ಪಿಡಬ್ಲ್ಯುಎಂ ಅಂತಾರೆ. ಹೆಚ್ಚಿನವರಿಗೆ ಕಣ್ಣಿಗೆ ಕಾಣಲ್ಲ, ಕೆಲವರಿಗೆ ತಡಿಯೋಕಾಗಲ್ಲ. ಮೊಬೈಲ್ ಕ್ಯಾಮೆರಾ ಸ್ಕ್ರೀನಿಗೆ ಹಿಡಿದಾಗ ಕಪ್ಪು ಪಟ್ಟೆ ಓಡ್ತಿದ್ರೆ ಅದೇ ಇರಬಹುದು. ಬ್ರೈಟ್‌ನೆಸ್ ಜಾಸ್ತಿ ಇಟ್ಟು, ಕೋಣೆ ಲೈಟ್ ಹಾಕ್ಕೊಂಡು ಓದಿ. ಇದು ರಿಪೇರಿ ವಿಷಯ ಅಲ್ಲ.

ಉದ್ದುದ್ದ ಗೆರೆ, ಒಂದು ಕಡೆ ಕತ್ತಲೆ, ಬಿಳಿ ಚುಕ್ಕೆ ಬಂದಿದೆ.

ಅಲುಗಾಡದ ಗೆರೆ, ಒತ್ತಿದಲ್ಲಿ ಹರಡೋ ಮಸಿ ಕಲೆ ಇದ್ರೆ ಪ್ಯಾನಲ್ಲೇ ಪೆಟ್ಟು ತಿಂದಿದೆ. ಸ್ಕ್ರೀನಿನ ಕೆಳಗಿಂದ ನಾಟಕದ ಸ್ಟೇಜ್ ಲೈಟ್ ಬಿಟ್ಟ ಹಾಗೆ ಕಂಡ್ರೆ ಹಿಂದಿನ ಲೈಟಿನ ಪಟ್ಟಿ ಅಥವಾ ಅದರ ವೈರು. 2016ರ 13 ಇಂಚಿನ ಮ್ಯಾಕ್‌ಬುಕ್ ಪ್ರೊಗಳಲ್ಲಿ ಇದು ಎಷ್ಟು ಬಂತು ಅಂದ್ರೆ 2019ರಲ್ಲಿ ಆ್ಯಪಲ್ ಉಚಿತವಾಗಿ ಸರಿ ಮಾಡಿಕೊಡೋ ಕಾರ್ಯಕ್ರಮನೇ ತಂತು, ಅಲ್ಲೂ ಸವೆದಿದ್ದು ಮಡಚೋ ಕೇಬಲ್ಲೇ.

ಟಚ್‌ಪ್ಯಾಡ್ ಉಬ್ಬಿದೆ, ಮುಚ್ಚಳ ಸರಿಯಾಗಿ ಮುಚ್ಚಲ್ಲ, ಸ್ಕ್ರೀನೂ ಮಿಣುಕುತ್ತೆ.

ಈಗಲೇ ಆಫ್ ಮಾಡಿ ಚಾರ್ಜರ್ ತೆಗೀರಿ. ಬ್ಯಾಟರಿ ಉಬ್ಬಿರೋ ಸಾಧ್ಯತೆ ಇದೆ. ಒತ್ತೋದು, ಚುಚ್ಚೋದು, ಮತ್ತೆ ಚಾರ್ಜ್ ಹಾಕೋದು ಯಾವುದೂ ಬೇಡ, ಬೆಂಕಿ ಹತ್ತುತ್ತೆ. ಸ್ಕ್ರೀನ್ ವಿಷಯ ಬ್ಯಾಟರಿ ಬದಲಾದ ಮೇಲೆ.

ಅಂಗಡಿಗೆ ಹೋಗಲೇಬೇಕು ಅಂತಾಯ್ತು. ಮೋಸ ಹೋಗದ ಹಾಗೆ ಎಂತ ಮಾಡ್ಬೇಕು?

ಮನೆಯಲ್ಲಿ ಮಿಣುಕುವಾಗ್ಲೇ ಮೊಬೈಲಲ್ಲಿ ವಿಡಿಯೋ ಮಾಡ್ಕೊಳ್ಳಿ, ಬಯೋಸಲ್ಲಿದ್ದಾಗ ಒಂದು, ಮುಚ್ಚಳ ಅಲ್ಲಾಡಿಸುವಾಗ ಒಂದು. ಶಿವಮೊಗ್ಗದ ನೆಹರು ರೋಡು, ದುರ್ಗಿಗುಡಿ ಕಡೆ ಕೇಳಿದ್ರೆ ರಿಪೇರಿಯವರು ಸಿಗ್ತಾರೆ, ಒಳ್ಳೆ ಕೆಲಸದವರು ಈ ವಿಡಿಯೋ ನೋಡಿದ ತಕ್ಷಣ ಕೇಬಲ್ ಮೊದ್ಲು ನೋಡೋಣ ಅಂತಾರೆ. ನೋಡದೇನೇ ಪ್ಯಾನಲ್ ಅಂದ್ರೆ, ಮೊದ್ಲು ಕೇಬಲ್ ಬಿಚ್ಚಿ ಹಾಕಿ ನೋಡಿ ಸಾರ್ ಅಂತ ಮರ್ಯಾದೆಯಿಂದಲೇ ಕೇಳಿ. ಪ್ಯಾನಲ್ಲೇ ಆದ್ರೆ ಹಿಂಬದಿ ಸ್ಟಿಕ್ಕರಲ್ಲಿರೋ ಪಾರ್ಟ್ ನಂಬರಿನ ಫೋಟೋ ಕೇಳಿ: ಬಿ156 ಅಂತ ಶುರುವಾದ್ರೆ ಎಯುಒ ಕಂಪನಿಯದ್ದು, ಎನ್156 ಇನ್ನೊಲಕ್ಸ್, ಎಲ್‌ಪಿ156 ಎಲ್‌ಜಿ, ಎನ್‌ವಿ156 ಬಿಒಇ. ಹೊಸದು ಅದೇ ಪಿನ್ನು, ಅದೇ ರೆಸಲ್ಯೂಷನ್ ಇರಬೇಕು, 1920x1080 ಇದ್ದದ್ದಕ್ಕೆ 1366x768 ಹಾಕಿಸ್ಕೊಂಡು ಬರಬೇಡಿ. ಹಳೇ ಪಾರ್ಟ್ ವಾಪಸ್ ತಗೊಳ್ಳಿ, ಬಿಲ್ಲಲ್ಲಿ ಎಷ್ಟು ತಿಂಗಳ ಗ್ಯಾರಂಟಿ ಅಂತ ಬರೆಸಿ.

ವಾರಂಟಿ ಇನ್ನೂ ಇದ್ರೆ ಹೊರಗೆ ಎಲ್ಲೂ ಬಿಚ್ಚಿಸ್ಬೇಡಿ, ಕಂಪನಿ ಸರ್ವೀಸಿಗೇ ಕೊಡಿ. ನೀರು, ಸಿಡಿಲು, ಬಿದ್ದ ಪೆಟ್ಟು ಸಾಮಾನ್ಯವಾಗಿ ವಾರಂಟಿಗೆ ಬರಲ್ಲ, ಸವೆದ ಕೇಬಲ್ ಬರುತ್ತಾ ಅಂತ ಕೇಳಿ ನೋಡಿ. ವಾರಂಟಿ ಇದ್ದೂ ಸತಾಯಿಸಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ಬಹುದು, ಕನ್ನಡದಲ್ಲೂ ಮಾತಾಡ್ತಾರೆ.

ಏಳೆಂಟು ವರ್ಷದ ಹಳೇ ಲ್ಯಾಪ್‌ಟಾಪಿಗೆ ಪ್ಯಾನಲ್ ಹಾಕ್ಸೋದು ಲಾಭನಾ?

ಕೇಬಲ್ ಆದ್ರೆ ಯೋಚನೆ ಮಾಡದೆ ಹಾಕ್ಸಿ. ಪ್ಯಾನಲ್ ಆದ್ರೆ ಎರಡು ನೋಡಿ, ಹಿಂಜ್ ಗಟ್ಟಿ ಇದ್ಯಾ, ವಿಂಡೋಸ್ 11 ಹಾಕೋಕಾಗುತ್ತಾ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಸಿದೆ. ಎರಡೂ ಇಲ್ಲ ಅಂದ್ರೆ ಅಷ್ಟು ದುಡ್ಡು ಹಾಕ್ಬೇಡಿ, ಒಂದು ಸೆಕೆಂಡ್ ಹ್ಯಾಂಡ್ ಮಾನಿಟರ್ ತಂದು ಎಚ್‌ಡಿಎಂಐಗೆ ಹಾಕಿ, ಮೇಜಿನ ಮೇಲೇ ಇಟ್ಕೊಂಡು ವಿಂಡೋಸ್ ಬದಲು ಉಚಿತವಾಗಿ ಸಿಗೋ ಲಿನಕ್ಸ್ ಮಿಂಟ್ ಹಾಕಿದ್ರೆ ಮಕ್ಕಳ ಓದಿಗೆ, ಕನ್ನಡ ಟೈಪಿಂಗಿಗೆ, ತೋಟದ ಲೆಕ್ಕ ಬರೆದಿಡೋಕೆ ಇನ್ನೂ ಕೆಲವು ವರ್ಷ ಚೆನ್ನಾಗಿ ಬರುತ್ತೆ.